ಇಲ್ಲಿ ಯಾರಾದ್ರೂ ಇದ್ದಾರಾ?



ಶಿವಮೊಗ್ಗ ಎಂಬ ಹೆಸರು ಹೇಗೆ ಬಂತು ಅನ್ನುವುದಕ್ಕೆ ನಮ್ಮ ಕಡೆ ಒಂದು ಕಥೆ ಹೇಳುತ್ತಾರೆ. ದೂರ್ವಾಸ ಮುನಿಗಳು ತುಂಗೆಯ ದಡದಲ್ಲಿ ಆಶ್ರಮ ಕಟ್ಟಿಕೊಂಡಿದ್ದರಂತೆ. ಒಲೆಯ ಮೇಲೆ ಮೊಗೆ ಇಟ್ಟು ಅದೇನೋ ಗಿಡಮೂಲಿಕೆ ಕುದಿಸುತ್ತಿದ್ದರಂತೆ. ದನ ಕಾಯುವ ಹುಡುಗರು ಮುನಿಗಳಿಲ್ಲದ ಹೊತ್ತು ನೋಡಿ ಒಳಗೆ ನುಗ್ಗಿ, ಅದರ ರುಚಿ ನೋಡಿ, ‘ಸಿಹಿ ಮೊಗೆ’ ಅಂದರಂತೆ. ಅದೇ ಸವೆದು ಸವೆದು ಶಿವಮೊಗ್ಗ ಆಯಿತಂತೆ. ದೂರ್ವಾಸರ ಕೋಪದಿಂದ ಆ ಹುಡುಗರು ಹೇಗೆ ಪಾರಾದರೋ, ಕಥೆ ಹೇಳುವವರು ಅದನ್ನು ಮಾತ್ರ ಹೇಳುವುದಿಲ್ಲ. ಶಿವನ ಮುಖ ಎಂದು ಹೆಸರನ್ನು ಬಿಡಿಸುವವರೂ ಇದ್ದಾರೆ. ನಾನು ತಿಂಡಿಪೋತ, ನನಗೆ ಮೊಗೆಯ ಕಥೆಯೇ ಸರಿ.

ಇನ್ನು ಭದ್ರಾವತಿ. ಅದರ ಹಳೆಯ ಹೆಸರು ಬೆಂಕಿಪುರ. ಒಂದೂರು ಮೊಗೆ, ಇನ್ನೊಂದೂರು ಬೆಂಕಿ. ನಡುವೆ ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರ್ ದಾರಿ. ಒಂದೂರಿನಲ್ಲಿ ತುಂಗೆ, ಇನ್ನೊಂದರಲ್ಲಿ ಭದ್ರೆ, ಇಬ್ಬರೂ ಕೂಡಲಿಯಲ್ಲಿ ಸೇರುತ್ತಾರೆ. ಗಂಗಾ ಸ್ನಾನ, ತುಂಗಾ ಪಾನ ಅನ್ನುವ ಮಾತು ಇದ್ದೇ ಇದೆ. ಪಾತ್ರೆ, ಬೆಂಕಿ, ನೀರು ಮೂರೂ ಒದಗಿದ ಮೇಲೆ ಇಲ್ಲಿ ಹೋಟೆಲುಗಳು ಹುಟ್ಟದೆ ಇನ್ನೆಲ್ಲಿ ಹುಟ್ಟಬೇಕು?

ಹೋಟೆಲು ಅಂದರೆ ನಮ್ಮ ಬಾಯಲ್ಲಿ ತಿನ್ನುವ ಜಾಗ. ಮಲಗುವ ಜಾಗಕ್ಕೆ ನಾವು ಲಾಡ್ಜು ಅನ್ನುತ್ತೇವೆ. ನನ್ನ ಅಜ್ಜಿ ಮಾತ್ರ ಕೊನೆಯವರೆಗೂ ‘ಕಾಫಿ ಕ್ಲಬ್ಬು’ ಅಂತಲೇ ಅನ್ನುತ್ತಿದ್ದರು, ಅದೂ ಮೂಗು ಮುರಿದುಕೊಂಡು. ಊರಿನ ಯಾವನೋ ಹುಡುಗ ಕೆಟ್ಟ ಅನ್ನುವುದಕ್ಕೆ ಅವರ ಬಳಿ ಎರಡೇ ಸಾಕ್ಷಿ. ಒಂದು ಬೀಡಿ, ಇನ್ನೊಂದು ಕ್ಲಬ್ಬಿನ ತಿಂಡಿ.

ನಮ್ಮೂರು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ನನ್ನ ಕೆಲಸ ಭದ್ರಾವತಿಯ ಬ್ಯಾಂಕಿನಲ್ಲಿ, ಮನೆ ಶಿವಮೊಗ್ಗದಲ್ಲಿ. ಇಪ್ಪತ್ತೆರಡು ವರ್ಷ ಈ ಎರಡು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡಿದವನು ನಾನು. ಬೆಳಗಿನ ತಿಂಡಿ ಒಂದೂರಲ್ಲಿ, ಸಂಜೆಯ ಕಾಫಿ ಇನ್ನೊಂದರಲ್ಲಿ. ಹೆಂಡತಿಯ ಪ್ರಕಾರ ನನ್ನ ಸಂಬಳದಲ್ಲಿ ಒಂದು ಭಾಗ ಎಲ್ಲಿ ಹೋಯಿತು ಅನ್ನುವುದಕ್ಕೆ ವಿವರಣೆ ಇಷ್ಟೇ. ಆದರೆ ಇವತ್ತು ನಾನು ರುಚಿಯ ಮಾತು ಆಡಲು ಬಂದಿಲ್ಲ. ಯಾವ ಹೋಟೆಲಿನ ಮಸಾಲೆದೋಸೆ ಚೆನ್ನ ಅನ್ನುವ ಜಗಳ ಗೋಪಿ ಸರ್ಕಲ್ಲಿನಲ್ಲಿ ದಿನಾ ನಡೆಯುತ್ತದೆ, ನಡೆಯಲಿ. ಅಂದ ಹಾಗೆ, ಆ ಸರ್ಕಲ್ಲಿಗೆ ಬೋರ್ಡಿನ ಮೇಲೆ ಸೀನಪ್ಪ ಶೆಟ್ಟಿ ವೃತ್ತ ಅಂತ ಹೆಸರಿದೆ. ಜನರ ಬಾಯಲ್ಲಿ ಗೋಪಿ ಸರ್ಕಲ್ಲೇ. ನಾನು ಹೇಳಬೇಕು ಅಂದುಕೊಂಡಿರುವುದು ಹೋಟೆಲಿನ ಟೇಬಲಿನ ವಿಷಯ. ನಾಲ್ಕು ಜನ ಕೂರುವ ಟೇಬಲಿನಲ್ಲಿ ಒಂದು ಕುರ್ಚಿ ಖಾಲಿ ಇರುತ್ತದೆ. ಗುರುತಿಲ್ಲದ ಒಬ್ಬರು ಬಂದು ಕುರ್ಚಿಯ ಬೆನ್ನು ಹಿಡಿದು ಕೇಳುತ್ತಾರೆ, ‘ಇಲ್ಲಿ ಯಾರಾದ್ರೂ ಇದ್ದಾರಾ?’ ಆ ಮಾತಿನ ವಿಷಯ.

ನಾನು ಅದನ್ನು ಮೊದಲ ಸಲ ಕೇಳಿದಾಗ ನನಗೆ ಒಂಬತ್ತು ವರ್ಷ. ಅಪ್ಪಯ್ಯ ಅಡಿಕೆ ತೆಗೆದುಕೊಂಡು ಶಿವಮೊಗ್ಗದ ಮಂಡಿಗೆ ಹೊರಟಿದ್ದರು. ಅಡಿಕೆ ಬೆಳೆಗಾರರು ಸೇರಿ ಕಟ್ಟಿಕೊಂಡ ಮಾಮ್‌ಕೋಸ್ 1939ರಲ್ಲೇ ಶುರುವಾಗಿತ್ತು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಜಾತಿಗಳ ಹೆಸರು ನನಗೆ ಮಗ್ಗಿಗಿಂತ ಮೊದಲು ಬಾಯಿಗೆ ಬಂದಿದ್ದವು. ವ್ಯಾಪಾರ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅಪ್ಪಯ್ಯ ದುಡ್ಡನ್ನು ಒಳಜೇಬಿಗೆ ಹಾಕಿ, ಮೇಲಿಂದ ಎರಡು ಸಲ ತಟ್ಟಿ ನೋಡಿ, ‘ಬಾ, ಮಸಾಲೆದೋಸೆ ತಿನ್ನನ’ ಅಂದರು. ಅಮ್ಮನಿಗೆ ಹೇಳಬಾರದು ಅನ್ನುವ ಕರಾರಿನ ಮೇಲೆ.

ಬಿಳಿ ಅಮೃತಶಿಲೆಯ ಹಾಸಿನ ಟೇಬಲು. ಕೈ ಇಟ್ಟರೆ ತಣ್ಣಗೆ. ಗಲ್ಲಾದ ಮೇಲೆ ದೇವರ ಪಟ, ಪಟದ ಪಕ್ಕದ ಹಲಗೆಯ ಮೇಲೆ ರೇಡಿಯೋ. ನೀವು ಈಗ ಕೇಳುತ್ತಿರುವ ಇದೇ ಭದ್ರಾವತಿ ನಿಲಯ 1965ರಲ್ಲಿ ಶುರುವಾಗಿ ಎರಡು ವರ್ಷ ಆಗಿತ್ತು ಅಷ್ಟೆ. ಸಪ್ಲೈಯರು ಬಂದು ನಿಂತ. ಅಪ್ಪಯ್ಯ ‘ಏನಿದೆ?’ ಅಂದರು. ಏನಿದೆ ಅನ್ನುವುದು ಅವರಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಕೇಳಬೇಕು, ಆದರೂ ಹೇಳಬೇಕು. ಅವನು ಕಣ್ಣನ್ನು ಎಲ್ಲೋ ಗೋಡೆಯ ಮೇಲೆ ನೆಟ್ಟು, ಒಂದೇ ಉಸಿರಿನಲ್ಲಿ, ‘ಇಡ್ಲಿ ವಡೆ ಉಪ್ಪಿಟ್ಟು ಕೇಸರಿಬಾತು ಪೂರಿ ಅವಲಕ್ಕಿ ಖಾಲಿದೋಸೆ ಸಾದಾ ಮಸಾಲೆ’ ಅಂತ ಓದಿ ಒಪ್ಪಿಸಿ ಬಟ್ಟೆಯಿಂದ ಟೇಬಲು ಒರೆಸಿದ. ಒರೆಸಿದ ಮೇಲೆ ಟೇಬಲು ಇನ್ನಷ್ಟು ಒದ್ದೆಯಾಯಿತು.

ಅಷ್ಟರಲ್ಲಿ ಖಾಕಿ ಅಂಗಿಯ ಒಬ್ಬರು ಬಂದರು. ಅಂಗಿಯ ತೋಳಿಗೆ ಕಬ್ಬಿಣದ ಕಿಡಿ ಹಾರಿ ಸಣ್ಣಸಣ್ಣ ತೂತಾಗಿತ್ತು. ಎದುರಿನ ಕುರ್ಚಿ ಹಿಡಿದು, ‘ಇಲ್ಲಿ ಯಾರಾದ್ರೂ ಇದ್ದಾರಾ?’ ಅಂದರು. ಅಪ್ಪಯ್ಯ, ‘ಇಲ್ಲ, ಕೂತ್ಕಳಿ’ ಅಂದರು.

ಇದರಲ್ಲೇನು ವಿಶೇಷ ಅಂತ ನಿಮಗೆ ಅನ್ನಿಸಬಹುದು. ನಮ್ಮೂರ ಜಗಲಿಗೆ ಹೊಸಬರು ಯಾರು ಬಂದರೂ ಅಪ್ಪಯ್ಯ ನೀರು ಬೆಲ್ಲ ಕೊಟ್ಟ ಮರುಗಳಿಗೆಗೆ ಕೇಳುತ್ತಿದ್ದ ಪ್ರಶ್ನೆ, ‘ಯಾವ ಪೈಕಿ ಆದ್ರಿ?’ ಆ ಉತ್ತರದ ಮೇಲೆ ಜಗಲಿಯ ಮೇಲೋ, ಮೆಟ್ಟಿಲಿನ ಮೇಲೋ, ಅಂಗಳದಲ್ಲೋ, ಲೋಟದಲ್ಲೋ, ಕರಟದಲ್ಲೋ ಎಲ್ಲವೂ ನಿರ್ಧಾರವಾಗುತ್ತಿತ್ತು. ಅದೇ ಅಪ್ಪಯ್ಯ ಶಿವಮೊಗ್ಗದ ಆ ಟೇಬಲಿನಲ್ಲಿ, ಒಂದು ಮೊಳ ದೂರದಲ್ಲಿ ಉಣ್ಣುತ್ತಿದ್ದ ಮನುಷ್ಯನನ್ನು ಕೇಳಿದ್ದು ಬೇರೆ. ‘ಮಳೆ ಹೆಂಗೆ ನಿಮ್ ಕಡೆ?’ ಅವರು ಭದ್ರಾವತಿ ಕಾರ್ಖಾನೆಯವರು. ಮಳೆಯ ವಿಷಯ ಅವರಿಗೆ ಅಷ್ಟು ಗೊತ್ತಿರಲಿಲ್ಲ. ಕುಲುಮೆಯ ವಿಷಯ ಹೇಳಿದರು. ಅಪ್ಪಯ್ಯ ಬಾಯಿಬಿಟ್ಟುಕೊಂಡು ಕೇಳಿದರು. ಚಟ್ನಿಯ ಬಟ್ಟಲು ಒಂದೇ ಇತ್ತು, ಅದು ಆ ಕಡೆ ಈ ಕಡೆ ಓಡಾಡಿತು. ಊರಿಗೆ ಮರಳುವಾಗ ಬಸ್ಸಿನಲ್ಲಿ ಅಪ್ಪಯ್ಯ ತಮಗೆ ತಾವೇ ಹೇಳಿಕೊಂಡರು, ‘ಯಾರೋ ಏನೋ, ಕೇಳಲೇ ಇಲ್ಲ.’

ಆ ಕೇಳದೆ ಇರುವುದು ಸುಮ್ಮನೆ ಬಂದದ್ದಲ್ಲ. ಹಳೆಯ ಮೈಸೂರು ಸೀಮೆಯ ಹೋಟೆಲುಗಳಲ್ಲಿ ‘ಬ್ರಾಹ್ಮಣರಿಗೆ ಪ್ರತ್ಯೇಕ ಸ್ಥಳ’ ಅನ್ನುವ ಫಲಕ ಇರುತ್ತಿತ್ತು. ಒಳಗೊಂದು ಪಂಕ್ತಿ, ಹೊರಗೊಂದು ಪಂಕ್ತಿ. ಅದಕ್ಕೂ ಆಚೆ, ಒಳಗೆ ಕಾಲಿಡಲೇ ಆಗದವರು ಹೊರಗಿನ ಕಟ್ಟೆಯ ಮೇಲಿಟ್ಟ ಬೇರೆ ಲೋಟದಲ್ಲಿ ಕುಡಿದು, ತಾವೇ ತೊಳೆದಿಟ್ಟು ಹೋಗುತ್ತಿದ್ದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ವಿಧಿಯನ್ನು ನೋಡಿ. ಕೆರೆ, ಬಾವಿ, ರಸ್ತೆಗಳ ಮಾತು ಬರುವ ಅದೇ ಜಾಗದಲ್ಲಿ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರಗೃಹಗಳನ್ನೂ ಹೆಸರು ಹಿಡಿದು ಹೇಳಿದೆ. ಅಲ್ಲಿಗೆ ಹೋಗದಂತೆ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯುವ ಹಾಗಿಲ್ಲ. ಒಂದು ದೇಶದ ಮೂಲ ಕಾನೂನಿನಲ್ಲಿ ಹೋಟೆಲಿನ ಮಾತು ಬಂದಿದೆ ಅಂದರೆ ಆ ಟೇಬಲಿನ ಮೇಲೆ ಏನೆಲ್ಲ ನಡೆದಿತ್ತು ಅಂತ ಲೆಕ್ಕ ಹಾಕಿ. 1955ರಲ್ಲಿ ಅಸ್ಪೃಶ್ಯತೆಗೆ ಶಿಕ್ಷೆ ವಿಧಿಸುವ ಕಾಯಿದೆಯೂ ಬಂತು. ಫಲಕ ಬೇಗ ಇಳಿಯಿತು. ಹೊರಗಿನ ಲೋಟ ಮಾತ್ರ ಸಣ್ಣ ಊರುಗಳಲ್ಲಿ ಬಹಳ ವರ್ಷ ಉಳಿಯಿತು. ಅದನ್ನು ನಾನೇ ನೋಡಿದ್ದೇನೆ, ಆಗ ನನಗೆ ಅದರ ಅರ್ಥ ಆಗಿರಲಿಲ್ಲ ಅಷ್ಟೆ.

1951ರಲ್ಲಿ ನಮ್ಮದೇ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿ ಅಳೆಯುವ ಕೊಳಗದ ಅಳತೆಯಿಂದ ಹತ್ತಿಕೊಂಡ ಜಗಳ ಅದು. ಒಡೆಯರ ಮನೆಯ ಅಂಗಳದಲ್ಲಿ ನಿಂತೇ ಮಾತಾಡಬೇಕಾಗಿದ್ದ ಜನ ಅವರು. ಅಂಥವರಲ್ಲೊಬ್ಬ ಕೋರ್ಟು ಕೆಲಸಕ್ಕೋ ಸಂತೆಗೋ ಪೇಟೆಗೆ ಬಂದು, ಜೇಬಿನಲ್ಲಿ ನಾಲ್ಕಾಣೆ ಇದೆ ಅನ್ನುವ ಒಂದೇ ಧೈರ್ಯದ ಮೇಲೆ ಹೋಟೆಲಿನ ಕುರ್ಚಿ ಎಳೆದುಕೊಂಡು ಕೂತಿರಬೇಕಲ್ಲ, ಆ ಮೊದಲ ಸಲ ಅವನಿಗೆ ಇಡ್ಲಿಯ ರುಚಿ ಗೊತ್ತಾಗಿರುವುದು ಅನುಮಾನ.

ಇನ್ನು ಈ ಹೋಟೆಲುಗಳನ್ನು ಕಟ್ಟಿದವರು. ಅವರಲ್ಲಿ ಬಹಳ ಜನ ಘಟ್ಟ ಹತ್ತಿ ಬಂದವರು. ಉಡುಪಿ, ಕುಂದಾಪುರ, ಕೋಟ, ಸಾಲಿಗ್ರಾಮದ ಕಡೆಯವರು. ಆಗುಂಬೆ ಹತ್ತಿದರೆ ತೀರ್ಥಹಳ್ಳಿ, ಮುಂದೆ ಶಿವಮೊಗ್ಗ. ಬೆಂಗಳೂರಿನಲ್ಲಿ 1924ರಲ್ಲಿ ಎಂ.ಟಿ.ಆರ್. ಶುರು ಮಾಡಿದವರೂ ಇದೇ ಕರಾವಳಿಯ ಮಯ್ಯರು. ಅಲ್ಲಿಗೆ ಹೋದವರ ಹೆಸರು ದೊಡ್ಡದಾಯಿತು. ಇಲ್ಲಿ ಇಳಿದುಕೊಂಡವರ ಹೆಸರು ನಮ್ಮ ಬೀದಿಯ ಮಟ್ಟಿಗೆ ಉಳಿಯಿತು. ಹತ್ತು ಹನ್ನೆರಡು ವರ್ಷದ ಹುಡುಗ ಮೊದಲು ಲೋಟ ತೊಳೆಯಬೇಕು, ಆಮೇಲೆ ಟೇಬಲು ಒರೆಸಬೇಕು, ಆಮೇಲೆ ಸಪ್ಲೈ, ಕೈ ಕುದುರಿದರೆ ಒಲೆಯ ಮುಂದೆ, ಅದೃಷ್ಟ ಕುದುರಿದರೆ ಗಲ್ಲಾದ ಮೇಲೆ. ಆ ಹುಡುಗನಿಗೆ ‘ಮಾಣಿ’ ಅಂತ ಹೆಸರು. ಗಲ್ಲಾದವರೆಗೆ ಹೋದವರ ಕಥೆ ಎಲ್ಲರೂ ಹೇಳುತ್ತಾರೆ. ತೊಟ್ಟಿಯ ಪಕ್ಕ ಕೈಬೆರಳು ಬೆಳ್ಳಗೆ ಸುಕ್ಕುಗಟ್ಟಿಸಿಕೊಂಡು ಅಲ್ಲೇ ಉಳಿದವರು ಲೆಕ್ಕಕ್ಕೆ ಬರುವುದಿಲ್ಲ. ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದು ಅನ್ನುವ ಆದೇಶ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ನನ್ನ ಮೊದಲ ಮಸಾಲೆದೋಸೆಯ ತಟ್ಟೆ ಎತ್ತಿದ ಹುಡುಗ ನನಗಿಂತ ಎರಡು ವರ್ಷ ದೊಡ್ಡವನಿರಬಹುದು. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, ಅವನು ತಟ್ಟೆ ಎತ್ತಿಕೊಂಡು ಹೋದ.

ಕಾವಲಿಯ ಮುಂದೆ ಸ್ವಲ್ಪ ನಿಲ್ಲೋಣ. ಬಿ.ಎಚ್. ರಸ್ತೆಯ ಮೀನಾಕ್ಷಿ ಭವನದಂಥ ಹೆಸರಾದ ಜಾಗವಿರಲಿ, ಬಸ್‌ಸ್ಟ್ಯಾಂಡಿನ ಹಿಂದಿನ ಹೆಸರಿಲ್ಲದ ಜಾಗವಿರಲಿ, ದೋಸೆಯ ಭಟ್ಟರ ಕೈ ಒಂದೇ. ಕಾವಲಿಯ ಮೇಲೆ ನೀರು ಚಿಮುಕಿಸುತ್ತಾರೆ. ಹನಿಗಳು ಗುಂಡಗೆ ಕುಣಿದು ಓಡಿದರೆ ಕಾವು ಹೆಚ್ಚಾಯಿತು, ಚುಯ್ ಅಂತ ಕೂತಲ್ಲೇ ಆರಿದರೆ ಹದ. ತೆಂಗಿನ ಕಡ್ಡಿಯ ಮೋಟು ಪೊರಕೆಯಿಂದ ಒಂದು ಸಲ ಗುಡಿಸುತ್ತಾರೆ. ಅದನ್ನು ಮೊದಲ ಸಲ ನೋಡಿದವರಿಗೆ ಗಾಬರಿಯಾಗುತ್ತದೆ. ಆಮೇಲೆ ಸೌಟಿನ ಹಿಟ್ಟು. ನಡುವಿನಿಂದ ಶುರುವಾಗಿ ಸುತ್ತುತ್ತ ಹೊರಗೆ, ಮನೆಯಲ್ಲಿ ನಾವು ಎಷ್ಟು ಸಲ ಮಾಡಿದರೂ ಬಾರದ ಆ ಒಂದು ಸುತ್ತು. ಒಂದು ಸಾಲಿಗೆ ಆರೋ ಎಂಟೋ. ಕೊನೆಯದಕ್ಕೆ ಎಣ್ಣೆ ಬೀಳುವ ಹೊತ್ತಿಗೆ ಮೊದಲನೆಯದರ ಅಂಚು ಕಾವಲಿ ಬಿಟ್ಟಿರುತ್ತದೆ. ಕೆಂಪು ಚಟ್ನಿ ಸವರಿ, ಪಲ್ಯದ ಉಂಡೆ ಇಟ್ಟು, ಮಡಿಸುವಾಗ ಆ ಮಡಿಕೆಯ ಗೆರೆಯ ಉದ್ದಕ್ಕೂ ಕಂದು ಬಣ್ಣ ಒಂದು ನೂಲಿನಷ್ಟು ಗಾಢವಾಗುತ್ತದೆ. ಆ ಬಣ್ಣಕ್ಕೆ ಕನ್ನಡದಲ್ಲಿ ‘ಕೆಂಪಗೆ’ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ‘ಒಂದು ಮಸಾಲೆ, ಕೆಂಪಗೆ’ ಅಂದರೆ ಸಾಕು, ಭಟ್ಟರಿಗೆ ಅರ್ಥವಾಗುತ್ತದೆ.

ಆಗ ಬಿಲ್ಲಿನ ಚೀಟಿ ಇರಲಿಲ್ಲ. ಸಪ್ಲೈಯರಿನ ತಲೆಯೇ ಲೆಕ್ಕದ ಪುಸ್ತಕ. ನಾವು ಕೈತೊಳೆದು ಗಲ್ಲಾದ ಕಡೆ ಹೊರಟರೆ ಅವನು ಒಳಗಿಂದಲೇ ಕೂಗುತ್ತಿದ್ದ, ‘ಮುಂದೆ ಟೋಪಿ ಒಂದೂವರೆ! ಹಿಂದೆ ಕೊಡೆ ತೊಂಬತ್ತು ಪೈಸೆ!’ ಟೋಪಿಯವರೂ ಕೊಡೆಯವರೂ ಒಂದೇ ಟೇಬಲಿನಲ್ಲಿ ಕೂತು, ಒಂದೇ ಜಗ್ಗಿನಿಂದ ನೀರು ಬಗ್ಗಿಸಿಕೊಂಡವರು. ಗಲ್ಲಾದ ಹತ್ತಿರ ಬಂದಾಗ ಅವರ ಹೆಸರು ಟೋಪಿ ಮತ್ತು ಕೊಡೆ. ಯಾವ ಪೈಕಿ ಅನ್ನುವುದಕ್ಕಿಂತ ಇದು ವಾಸಿ ಅಲ್ಲವೇ?

ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲಿನ ತಿಂಡಿಯ ಬೆಲೆ ಇಳಿಸಬೇಕು ಅಂತ ಸರ್ಕಾರದ ಕಟ್ಟಪ್ಪಣೆಯಾಯಿತು. ಬೆಂಗಳೂರಿನ ಎಂ.ಟಿ.ಆರ್.ನವರು ದಿನದ ನಷ್ಟವನ್ನು ಬರೆದು ಫಲಕ ಹಾಕಿದ್ದರು ಅನ್ನುವುದು ಎಲ್ಲರೂ ಕೇಳಿದ ಮಾತು. ನಮ್ಮಲ್ಲಿ ಯಾರೂ ಫಲಕ ಹಾಕಲಿಲ್ಲ. ದೋಸೆ ಸದ್ದಿಲ್ಲದೆ ಎರಡು ಬೆರಳು ಚಿಕ್ಕದಾಯಿತು.

ಈಗ ಭದ್ರಾವತಿಗೆ ಬಸ್ಸು ಹತ್ತೋಣ.

ಶಿವಮೊಗ್ಗದ ಹೋಟೆಲಿನ ಗಡಿಯಾರ ಮಂಡಿ, ಕೋರ್ಟು, ಸಿನಿಮಾ. ಭದ್ರಾವತಿಯ ಹೋಟೆಲಿನ ಗಡಿಯಾರ ಒಂದೇ, ಕಾರ್ಖಾನೆಯ ಕೂಗು. ಸರ್ ಎಂ. ವಿಶ್ವೇಶ್ವರಯ್ಯನವರ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಊರಿನ ಭಾಗಗಳ ಹೆಸರೇ ನ್ಯೂಟೌನು, ಪೇಪರ್ ಟೌನು. ಕೆಲಸಕ್ಕೆ ತಮಿಳರು ಬಂದರು, ತೆಲುಗರು ಬಂದರು, ಮಲೆಯಾಳಿಗಳು ಬಂದರು, ಬಯಲುಸೀಮೆಯವರು ಬಂದರು. ಮೂರು ಪಾಳಿ. ಹಾಗಾಗಿ ಭದ್ರಾವತಿಯಲ್ಲಿ ಬೆಳಗಿನ ತಿಂಡಿಗೆ ಒಂದು ಹೊತ್ತು ಅಂತ ಇರಲಿಲ್ಲ. ರಾತ್ರಿಪಾಳಿ ಮುಗಿಸಿ ಬಂದವನಿಗೆ ಅದು ರಾತ್ರಿಯ ಊಟ, ಬೆಳಗಿನ ಪಾಳಿಗೆ ಹೊರಟವನಿಗೆ ಅದೇ ಬೆಳಗಿನ ತಿಂಡಿ. ಇಬ್ಬರೂ ಒಂದೇ ಟೇಬಲಿನಲ್ಲಿ ಎದುರುಬದುರು. ಒಬ್ಬನ ಕಣ್ಣು ಕೆಂಪು, ಇನ್ನೊಬ್ಬನ ತಲೆಗೂದಲು ಇನ್ನೂ ಒದ್ದೆ. ಸಾಂಬಾರಿನಲ್ಲಿ ಮುಳುಗಿದ ಇಡ್ಲಿ ಇಬ್ಬರಿಗೂ. ಒಬ್ಬ ತಮಿಳಿನಲ್ಲಿ ಶುರು ಮಾಡಿದ ಮಾತನ್ನು ಇನ್ನೊಬ್ಬ ಕನ್ನಡದಲ್ಲಿ ಮುಗಿಸುತ್ತಿದ್ದ, ನಡುವೆ ಸಪ್ಲೈಯರು ಕುಂದಾಪುರದ ಕನ್ನಡದಲ್ಲಿ ಬಾಯಿ ಹಾಕುತ್ತಿದ್ದ.

ಕಾರ್ಖಾನೆಯ ಒಳಗೆ ಕ್ಯಾಂಟೀನು ಇರಲಿಲ್ಲವೇ ಅಂದರೆ ಇತ್ತು. 1948ರ ಕಾರ್ಖಾನೆಗಳ ಕಾಯಿದೆಯ 46ನೆಯ ಕಲಮಿನಲ್ಲಿ 250ಕ್ಕಿಂತ ಹೆಚ್ಚು ಕೆಲಸಗಾರರು ಇರುವ ಕಡೆ ಕ್ಯಾಂಟೀನಿಗೆ ಅವಕಾಶವಿತ್ತು. ಅಲ್ಲಿ ಅಗ್ಗ. ಆದರೂ ಗೇಟಿನಾಚೆ ಬಂದು ಒಂದು ಬೈಟು ಕಾಫಿ ಕುಡಿಯದಿದ್ದರೆ ಪಾಳಿ ಮುಗಿದ ಹಾಗೆ ಆಗುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಮೇಸ್ತ್ರಿ ಇರುತ್ತಾನೆ. ಹೋಟೆಲಿನಲ್ಲಿ ಅವನೂ ಬೈಟು ಕಾಫಿಯವನೇ.

ನಾನು ಹೋಗುತ್ತಿದ್ದ ಒಂದು ಸಣ್ಣ ಹೋಟೆಲಿನ ಗಲ್ಲಾದಲ್ಲಿ ಉದ್ದನೆಯ ಖಾತೆ ಪುಸ್ತಕ ಇತ್ತು. ಕೆಂಪು ರಟ್ಟು, ಅಂಚು ಎಣ್ಣೆ ಹೀರಿ ಪಾರದರ್ಶಕವಾಗಿತ್ತು. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಹೆಸರಿನ ಬದಲು ಅಲ್ಲೂ ‘ಲೇತ್’, ‘ಫೌಂಡ್ರಿ ಉದ್ದ’, ‘ಪೇಪರ್ ಕನ್ನಡಕ’. ತಿಂಗಳು ಪೂರ್ತಿ ಉದ್ರಿ, ಸಂಬಳದ ದಿನ ಚುಕ್ತಾ. ಮಾಲೀಕರು ಒಂದು ದಿನ ನನಗೆ ಹೇಳಿದರು, ‘ನೋಡಿ ಸಾರ್, ನಿಮ್ ಬ್ಯಾಂಕಲ್ಲಿ ಎರಡು ಜಾಮೀನು ಕೇಳ್ತೀರಿ. ನಮ್ದು ಒಂದೇ ಜಾಮೀನು, ಆ ಸೈರನ್ನು.’

ಕಾಗದದ ಕಾರ್ಖಾನೆ 2015ರ ಹೊತ್ತಿಗೆ ನಿಂತಿತು. ನಿವೃತ್ತಿಯಾದ ಮೇಲೆ ಒಮ್ಮೆ ಆ ಹೋಟೆಲಿಗೆ ಹೋಗಿದ್ದೆ. ಖಾತೆ ಪುಸ್ತಕ ಏನಾಯಿತು ಅಂತ ಕೇಳಲು ನಾಲಿಗೆ ಬರಲಿಲ್ಲ. ಅವರೇ ಬೇರೆ ಏನೋ ಹೇಳಿದರು. ದುಡ್ಡು ಹೋಗಿದ್ದಕ್ಕಿಂತ ಅಕ್ಕಿ ನೆನೆಸುವ ಲೆಕ್ಕ ತಪ್ಪಿದ್ದೇ ಕಷ್ಟವಾಯಿತಂತೆ. ‘ಪಾಳಿಗೆ ಇಷ್ಟು ಸೇರು ಅಂತ ಕೈಗೆ ಗೊತ್ತಿತ್ತು ಸಾರ್. ಈಗ ಮಧ್ಯಾಹ್ನ ಅಕ್ಕಿ ಮುಂದೆ ಕೂತ್ರೆ ಎಷ್ಟು ಹಾಕ್ಬೇಕು ಅಂತಲೇ ತಿಳಿಯಲ್ಲ. ಹೆಚ್ಚಾದ್ರೆ ಹುಳಿ, ಕಮ್ಮಿಯಾದ್ರೆ ಬಂದವ್ರು ವಾಪಸ್ಸು.’ 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರವಾಗಿದೆ ಅನ್ನುವ ಸುದ್ದಿ ಬಂತು. ಕಾರ್ಮಿಕರು ಧರಣಿ ಕೂತರು. ಅದೇ ವರ್ಷ ಒಂದು ಭಾಗದ ಕೆಲಸ ಮತ್ತೆ ಶುರುವಾಯಿತು. ಭದ್ರಾವತಿಯಲ್ಲಿ ಇವತ್ತಿಗೂ ಹೋಟೆಲಿನವರು ಪತ್ರಿಕೆ ತೆಗೆದರೆ ಮೊದಲು ಹುಡುಕುವುದು ಆ ಸುದ್ದಿಯನ್ನು.

ಇಷ್ಟು ಹೊತ್ತು ನಾನು ಹೇಳಿದ ಟೇಬಲಿನಲ್ಲಿ ಒಬ್ಬ ಹೆಂಗಸೂ ಇಲ್ಲ ಅನ್ನುವುದನ್ನು ಕೆಲವರಾದರೂ ಗಮನಿಸಿರುತ್ತೀರಿ. ಹೌದು, ಇರಲಿಲ್ಲ. ಅವರಿಗೆ ‘ಫ್ಯಾಮಿಲಿ ರೂಂ’ ಇತ್ತು. ಹಸಿರು ಬಣ್ಣದ ಹಲಗೆಯ ಗೂಡು, ಬಾಗಿಲಿಗೆ ಕೈ ಒರೆಸಿ ಒರೆಸಿ ಅಂಚು ಕಪ್ಪಾದ ಪರದೆ. ಸಪ್ಲೈಯರು ಒಳಗೆ ಬರುವ ಮುಂಚೆ ಕೆಮ್ಮುತ್ತಿದ್ದ. ಅಮ್ಮನನ್ನು ನಾನು ಮೊದಲ ಸಲ ಹೋಟೆಲಿಗೆ ಕರೆದುಕೊಂಡು ಹೋದದ್ದು ನನ್ನ ಮೊದಲ ಸಂಬಳದಲ್ಲಿ. ಅವಳು ಗೋಡೆಯ ಕಡೆ ಮುಖ ಮಾಡಿ ಕೂತಳು. ದೋಸೆಯ ಮೂಲೆ ಮುರಿದು ಚಟ್ನಿ ಇಲ್ಲದೆ ಒಂದು ಚೂರು, ಚಟ್ನಿ ಜೊತೆ ಒಂದು ಚೂರು ತಿಂದು, ‘ಉದ್ದು ಕಮ್ಮಿ, ಮೆಂತೆ ಜಾಸ್ತಿ’ ಅಂದಳು. ಎಷ್ಟು ದುಡ್ಡು ಅಂತ ಕೇಳಿದಳು. ಹೇಳಿದೆ. ‘ಇದೇ ದುಡ್ಡಲ್ಲಿ ಮನೆಯವರಿಗೆಲ್ಲ ಎರಡು ಹೊತ್ತು ದೋಸೆ ಹೊಯ್ತಿದ್ದೆ’ ಅಂದಳು. ಆಮೇಲೆ ಪೂರ್ತಿ ತಿಂದಳು. ಕಾಫಿ ಬಂದಾಗ ಪರದೆಯನ್ನು ಒಂದು ಗೇಣು ಸರಿಸಿ ಹೊರಗೆ ಯಾರು ಯಾರು ಕೂತಿದ್ದಾರೆ ಅಂತ ನೋಡಿದಳು. ಬಹಳ ಹೊತ್ತು ನೋಡಿದಳು.

ಈಗ ಬೆಳಗಿನ ವಾಕಿಂಗ್ ಮುಗಿಸಿ ಐದಾರು ಜನ ಹೆಂಗಸರು ಒಟ್ಟಿಗೆ ಬಂದು, ನಡುವಿನ ಟೇಬಲನ್ನೇ ಹಿಡಿದು, ಜೋರಾಗಿ ನಗುತ್ತ ಪೂರಿ ತಿನ್ನುವುದನ್ನು ಶಿವಮೊಗ್ಗದಲ್ಲಿ ನೋಡುತ್ತೇನೆ. ಪರದೆಯ ಗೂಡುಗಳು ಒಂದೊಂದಾಗಿ ಕಿತ್ತುಹೋದವು. ಅವು ಹೋದದ್ದಕ್ಕೆ ನನಗೆ ಒಂದಿಷ್ಟೂ ಬೇಜಾರಿಲ್ಲ.

ಬೇಜಾರಿರುವುದು ಬೇರೆ ಕಡೆ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ‘ಕೆಫೆ ದರ್ಶಿನಿ’ ಶುರುವಾಯಿತು. ನಿಂತು ತಿನ್ನುವ ಹೋಟೆಲು. ಟೋಕನ್ ತೆಗೆದುಕೋ, ತಟ್ಟೆ ತೆಗೆದುಕೋ, ನಿಂತು ತಿನ್ನು, ಹೊರಡು. ಅದರ ಹಿಂದೆಯೇ ದರ್ಶಿನಿಗಳು, ಸಾಗರಗಳು ನಮ್ಮ ಊರುಗಳಿಗೂ ಬಂದವು. ಅಗ್ಗ, ಚೊಕ್ಕ, ಕೈಗೆ ಬೇಗ ಸಿಗುತ್ತದೆ, ಎಲ್ಲ ನಿಜ. ಆದರೆ ನಿಂತು ತಿನ್ನುವಾಗ ಎದುರಿಗೆ ಇರುವವನ ಮುಖ ಕಾಣುವುದಿಲ್ಲ, ಅವನ ತಟ್ಟೆ ಕಾಣುತ್ತದೆ. ಕುದುರೆಗೂ ನಮಗೂ ಅಷ್ಟಾದರೂ ವ್ಯತ್ಯಾಸ ಬೇಡವೇ? ನನ್ನ ಮಂಡಿನೋವು ಈ ಮಾತಾಡಿಸುತ್ತಿದೆ ಅಂತ ಮಗಳು ಹೇಳುತ್ತಾಳೆ, ಇರಬಹುದು. ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಅಂತ ಶುರುವಾದ ಇಂದಿರಾ ಕ್ಯಾಂಟೀನಿನಲ್ಲೂ ನಿಂತೇ ತಿನ್ನಬೇಕು. ಆದರೆ ಅಲ್ಲಿ ನಿಂತವರ ಹಸಿವಿನ ಮುಂದೆ ನನ್ನ ಕುರ್ಚಿಯ ವಾದ ನಿಲ್ಲುವುದಿಲ್ಲ, ಆದ್ದರಿಂದ ಅದನ್ನು ಬಿಡುತ್ತೇನೆ.

ಅದೇ ಮಗಳು ಈಚೆಗೆ ಊರಹೊರಗಿನ ಒಂದು ಹೊಸ ಜಾಗಕ್ಕೆ ಕರೆದುಕೊಂಡು ಹೋದಳು. ಹೆಸರು ಬೇಡ. ಟೇಬಲಿನಿಂದ ಟೇಬಲಿಗೆ ಎತ್ತರದ ಸೋಫಾ ಬೆನ್ನು, ಹಳೆಯ ಫ್ಯಾಮಿಲಿ ರೂಮೇ ದುಬಾರಿ ಬಟ್ಟೆ ಹಾಕಿಕೊಂಡು ಬಂದ ಹಾಗೆ. ಅವಳಿಗೆ ಫೋನು ಬಂತು, ಎದ್ದು ಹೊರಗೆ ಹೋದಳು. ‘ಏನಿದೆ?’ ಅಂತ ಕೇಳಲು ನಾನು ತಲೆ ಎತ್ತಿದೆ. ಹುಡುಗ ವಿನಯವಾಗಿ ಟೇಬಲಿಗೆ ಅಂಟಿಸಿದ ಕಪ್ಪು ಚೌಕುಳಿಯ ಚೀಟಿ ತೋರಿಸಿ, ‘ಸ್ಕ್ಯಾನ್ ಮಾಡಿ ಸಾರ್’ ಅಂದ. ನನ್ನ ಮೊಬೈಲಿನ ಚಾರ್ಜು ಮುಗಿದಿತ್ತು. ನೀನೇ ಹೇಳಪ್ಪ ಅಂದೆ. ಅವನು ಕಕ್ಕಾಬಿಕ್ಕಿಯಾದ. ಅವನಿಗೆ ಪಟ್ಟಿ ಬಾಯಿಗೆ ಬರುತ್ತಿರಲಿಲ್ಲ, ಯಾರೂ ಅವನನ್ನು ಕೇಳಿಯೇ ಇರಲಿಲ್ಲ.

ಇನ್ನೊಂದು ತಮಾಷೆ ನೋಡಿ. ನಮ್ಮ ಕಾಲದಲ್ಲಿ ಮನೆಯಲ್ಲಿ ಸಿಗದ್ದು ತಿನ್ನಲು ಹೋಟೆಲಿಗೆ ಹೋಗುತ್ತಿದ್ದೆವು. ಅಕ್ಕಿರೊಟ್ಟಿ, ಕಡುಬು, ಕಳಲೆ ಪಲ್ಯಕ್ಕೆ ದುಡ್ಡು ಕೊಡುತ್ತಾರೆ ಅಂದರೆ ಅಜ್ಜಿ ನಗುತ್ತಿದ್ದರು. ಈಗ ಬೋರ್ಡಿನ ಮೇಲೆ ‘ಮಲೆನಾಡಿನ ಮನೆಯೂಟ’. ಕಡುಬು ಕೋಳಿಸಾರಿಗೆ ಭಾನುವಾರ ಮಿಲ್ಟ್ರಿ ಹೋಟೆಲಿನ ಮುಂದೆ ಜನ ನಿಂತಿರುತ್ತಾರೆ. ಮನೆಯಲ್ಲಿ ಹೋಟೆಲಿನ ನೂಡಲ್ಸು, ಹೋಟೆಲಿನಲ್ಲಿ ಮನೆಯ ಕಡುಬು. ಸಂಜೆಯ ಗಾಡಿಗಳ ಕಡೆಯೂ ಒಂದು ಬದಲಾವಣೆ ಕಣ್ಣಿಗೆ ಬಿತ್ತು. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತಲ್ಲ, ಅದಾದ ಮೇಲೆ ನಾನು ಹೋಗುವ ಗಾಡಿಯ ಗೋಬಿ ಇದ್ದಕ್ಕಿದ್ದಂತೆ ಕಂದಾಯಿತು. ‘ಕೆಂಪಿಲ್ಲ ಅಂದ್ರೆ ರುಚಿ ಇಲ್ಲ ಅಂತಾರೆ ಅಂಕಲ್’ ಅಂತ ಗಾಡಿಯ ಹುಡುಗ ಗೋಳಾಡಿದ. ಅಲ್ಲೂ ನಿಂತೇ ತಿನ್ನುವುದು. ಆದರೆ ಅಲ್ಲಿ ಮಾತು ಇದೆ. ಒಂದು ಪ್ಲಾಸ್ಟಿಕ್ ಸ್ಟೂಲು ಇದ್ದರೆ ‘ನೀವು ಕೂತ್ಕಳಿ’ ಅನ್ನುವವರೂ ಇದ್ದಾರೆ.

ಹೋದ ವಾರ ಬೆಳಗ್ಗೆ ದುರ್ಗಿಗುಡಿಯ ಕಡೆ ಹಳೆಯ ಹೋಟೆಲೊಂದರಲ್ಲಿ ಖಾಲಿದೋಸೆ ತಿನ್ನುತ್ತ ಕೂತಿದ್ದೆ. ಕಿವಿಗೆ ಬಿಳಿಯ ಬೀಜದಂಥದ್ದು ಸಿಕ್ಕಿಸಿಕೊಂಡ ಹುಡುಗನೊಬ್ಬ ಬಂದ. ಬೆನ್ನಿಗೆ ಆ ಆರ್ಡರು ತಲುಪಿಸುವವರ ದೊಡ್ಡ ಚೌಕದ ಚೀಲ. ಒಂದು ಕಿವಿಯ ಬೀಜ ತೆಗೆದು, ಕುರ್ಚಿಯ ಬೆನ್ನು ಹಿಡಿದು ಕೇಳಿದ, ‘ಅಂಕಲ್, ಇಲ್ಲಿ ಯಾರಾದ್ರೂ ಇದ್ದಾರಾ?’

‘ಇಲ್ಲ, ಕೂತ್ಕಳಿ’ ಅಂದೆ. ಅಪ್ಪಯ್ಯನ ದನಿ ನನ್ನ ಬಾಯಿಂದ ಬಂದ ಹಾಗಾಯಿತು.

ಚೀಲವನ್ನು ಪಕ್ಕದ ಕುರ್ಚಿಯ ಮೇಲೆ ಜೋಪಾನವಾಗಿ ಇಟ್ಟ. ಬೆಳಗಿನಿಂದ ಹನ್ನೊಂದು ಮನೆಗೆ ತಿಂಡಿ ತಲುಪಿಸಿದ್ದಾನೆ, ತನ್ನದು ಇನ್ನೂ ಆಗಿಲ್ಲ. ಊರು ಭದ್ರಾವತಿಯ ಹುತ್ತಾ ಕಾಲೊನಿ. ಅಪ್ಪ ಕಾರ್ಖಾನೆಯಲ್ಲಿದ್ದರು. ನಾನು ಮಳೆಯ ವಿಷಯ ಕೇಳಿದೆ. ಮಳೆಯಲ್ಲಿ ಬೈಕು ಓಡಿಸುವ ಕಷ್ಟ ಹೇಳಿದ. ಚಟ್ನಿ ನನ್ನ ಕಡೆ ಇತ್ತು, ಅವನ ಕಡೆ ತಳ್ಳಿದೆ. ಇಬ್ಬರೂ ಒಂದೊಂದು ಕಾಫಿ ಹೇಳಿದೆವು. ಸಪ್ಲೈಯರು ಬಂದು ಚೀಟಿ ಬರೆಯಲು ಪೆನ್ನು ತೆಗೆದು ನಮ್ಮಿಬ್ಬರನ್ನೂ ನೋಡಿ, ‘ಬಿಲ್ಲು ಒಟ್ಟಿಗೇನಾ, ಬೇರೆಬೇರೆನಾ?’ ಅಂದ.

‘ಬೇರೆಬೇರೆ’ ಅಂದೆವು, ಇಬ್ಬರೂ ಒಟ್ಟಿಗೇ.